ಎರಡನೇ ರಕ್ತ

ನಾನು ಯಾವ ವರ್ಷ ಯಾವ ದರ್ಜೆಗೆ ಏರಿದೆ, ಯಾವ ಊರಿಗೆ ವರ್ಗವಾದೆ ಎಂಬುದನ್ನೆಲ್ಲ ಪಿಂಚಣಿ ಕಚೇರಿಯವರು ನನಗಿಂತ ಚೆನ್ನಾಗಿ ಬರೆದಿಟ್ಟಿದ್ದಾರೆ. ಅದನ್ನು ಮತ್ತೆ ಬರೆದು ನಿಮಗೆ ಆಕಳಿಕೆ ತರಿಸುವುದಿಲ್ಲ. ಮೊನ್ನೆ ನಮ್ಮ ಬೀದಿಯ ಹುಡುಗಿ, ರಕ್ತ ಪರೀಕ್ಷೆಯ ಕೆಲಸಕ್ಕೆ ಹೊಸದಾಗಿ ಸೇರಿದವಳು, ಮನೆಗೆ ಬಂದಿದ್ದಳು. ಮಾತಿನ ನಡುವೆ, "ರಿಪೋರ್ಟು ಪಾಸಿಟಿವ್ ಅಂತ ಬಂದ್ಮೇಲೆ ಮುಗೀತಲ್ಲ ಸಾರ್, ಇನ್ನೇನು ಯೋಚ್ನೆ ಮಾಡೋದಿರತ್ತೆ?" ಅಂದಳು. ನನಗೆ ರೇಗಿತು. ಅವಳು ಕಾಫಿ ಕುಡಿದು ಹೋದಮೇಲೆ ನಾಚಿಕೆಯೂ ಆಯಿತು. ಅವಳ ವಯಸ್ಸಿನಲ್ಲಿ ನಾನೂ ಹಾಗೆಯೇ ಅಂದುಕೊಂಡಿದ್ದೆ. ಹಾಗೆ ಅಂದುಕೊಂಡು ಒಂದು ಸಂಸಾರವನ್ನು ಬೀದಿಗೆ ತರುವುದರಲ್ಲಿದ್ದೆ. ಇದು ಆ ಹುಡುಗಿಗೂ ಅವಳಂಥವರಿಗೂ ಬರೆದದ್ದು.

ಐವತ್ತರ ದಶಕದ ಕೊನೆಯಲ್ಲಿ ನಾನು ಜ್ವರದ ಸಮೀಕ್ಷೆ ಮಾಡುವ ಒಂದು ಸಣ್ಣ ತಂಡಕ್ಕೆ ಸೇರಿದೆ. ತಂಡ ಅಂದರೆ ಮೂರೇ ಜನ. ಮೇಲಧಿಕಾರಿ ಡಾಕ್ಟರ್ ನರಸಿಂಹಯ್ಯ, ಜೀಪಿನ ಡ್ರೈವರ್ ರಹಮತ್ ಸಾಬ್, ಮತ್ತು ರಕ್ತ ತೆಗೆಯುವ ನಾನು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲಿ ಕಾರಣ ತಿಳಿಯದ ಜ್ವರ ಕಂಡರೂ ಹೋಗಬೇಕು, ರಕ್ತ ತರಬೇಕು. ಚಿಂತಾಮಣಿಯ ಪೇಟೆಯ ಹಿಂದೆ ಒಂದು ಬಾಡಿಗೆ ಮನೆಯಲ್ಲಿ ನಮ್ಮ ಲ್ಯಾಬು. ತಂದ ರಕ್ತವನ್ನು ಅಲ್ಲಿ ಗಾಜಿನ ಕೊಳವೆಗಳಲ್ಲಿ ಓರೆಯಾಗಿ ನಿಲ್ಲಿಸಿ ಹೆಪ್ಪುಗಟ್ಟಲು ಬಿಡುತ್ತಿದ್ದೆ. ಮೇಲೆ ತಿಳಿಹಳದಿ ನೀರು ನಿಲ್ಲುತ್ತದಲ್ಲ, ಅದೇ ಸೀರಂ. ಅದನ್ನು ಪುಟ್ಟ ಸೀಸೆಗೆ ತೆಗೆದು, ಮೇಣ ಹಾಕಿ ಮುಚ್ಚಿ, ಐಸ್ ತುಂಬಿದ ಥರ್ಮಾಸಿನಲ್ಲಿಟ್ಟು, ನಮ್ಮ ಕಡೆಯ ಕಿರುಹಳಿಯ ಪುಟ್ಟ ರೈಲಿಗೆ ಹತ್ತಿಸಿದರೆ ಬೆಂಗಳೂರು. ಅಲ್ಲಿಂದ ಮುಂದೆ ದೂರದ ವೈರಸ್ ಪ್ರಯೋಗಾಲಯಕ್ಕೆ ಅದರ ಪಯಣ. ಐಸ್ ಕೂಡ ಅದೇ ರೈಲಿನಲ್ಲಿ ಮರದ ಹೊಟ್ಟಿನಲ್ಲಿ ಸುತ್ತಿಕೊಂಡು ಬರಬೇಕಿತ್ತು. ರೈಲು ತಡವಾದ ದಿನ ಸ್ಟೇಷನ್ನಿನಲ್ಲಿ ನಮಗೆ ಸಿಗುತ್ತಿದ್ದದ್ದು ಒದ್ದೆ ಹೊಟ್ಟು ಮಾತ್ರ.

ಮೊದಲ ವರ್ಷ ನಾನು ಮಾಡಿದ ಎಡವಟ್ಟುಗಳಿಗೆ ಲೆಕ್ಕವಿಲ್ಲ. ಗೌರಿಬಿದನೂರು ನನ್ನ ಹುಟ್ಟೂರಿನ ಕಡೆ. ನೆಂಟರಿಷ್ಟರ ಮುಂದೆ ಗತ್ತು ತೋರಿಸುವ ಆಸೆಗೆ, ಒಂದೇ ದಿನ ಹನ್ನೆರಡು ಜನರ ರಕ್ತ ತೆಗೆದು, ಹೆಪ್ಪುಗಟ್ಟುವ ಮೊದಲೇ ಜೀಪಿನಲ್ಲಿಟ್ಟುಕೊಂಡು ಹೊರಟೆ. ಅಂದಿನ ರಸ್ತೆಯನ್ನು ರಸ್ತೆ ಅಂತ ಕರೆಯುವುದಕ್ಕೆ ದೊಡ್ಡ ಮನಸ್ಸು ಬೇಕಿತ್ತು. ಚಿಂತಾಮಣಿಗೆ ಬರುವಷ್ಟರಲ್ಲಿ ರಕ್ತವೆಲ್ಲ ಕುಲುಕಿ ಒಡೆದು, ಸೀರಂ ದಾಳಿಂಬೆ ರಸದ ಬಣ್ಣಕ್ಕೆ ತಿರುಗಿತ್ತು. ಹನ್ನೆರಡೂ ಪರೀಕ್ಷೆಗೆ ಬಾರದವು. ನರಸಿಂಹಯ್ಯನವರು ಕೊಳವೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. "ಕೃಷ್ಣಪ್ಪ, ಇದನ್ನ ಕೊಟ್ಟ ಹನ್ನೆರಡು ಜನಕ್ಕೂ ನೀನೇ ಹೋಗಿ ಹೇಳ್ಬೇಕು, ನಿಮ್ಮ ರಕ್ತ ಹಾಳು ಮಾಡ್ದೆ ಅಂತ" ಅಂದರು. ಹೋಗಿ ಹೇಳಿದೆ. ನಮ್ಮ ಸೋದರತ್ತೆ ಅವತ್ತಿನಿಂದ ಸಾಯುವವರೆಗೂ ನನ್ನನ್ನು ರಕ್ತದ ಕೃಷ್ಣಪ್ಪ ಅಂತಲೇ ಕರೆದರು.

ರಕ್ತವನ್ನು ಹಾಳಾಗದಂತೆ ತರುವುದನ್ನು ಕಲಿತೆ. ಆದರೆ ಅದು ಹೇಳುವುದನ್ನು ಅರ್ಥ ಮಾಡಿಕೊಳ್ಳುವುದಕ್ಕೆ ಇನ್ನೂ ವರ್ಷಗಳು ಬೇಕಾದವು. ವೈರಸ್ ಒಳಗೆ ಬಂದಾಗ ಅದರ ವಿರುದ್ಧ ಮೈ ತಯಾರಿಸಿಕೊಳ್ಳುವ ವಸ್ತುವಿಗೆ ಪ್ರತಿಕಾಯ ಅನ್ನುತ್ತಾರೆ. ನಮ್ಮ ಪರೀಕ್ಷೆ ಹುಡುಕುತ್ತಿದ್ದದ್ದು ವೈರಸ್ಸನ್ನಲ್ಲ, ಈ ಪ್ರತಿಕಾಯವನ್ನು. ಅದು ಹುಟ್ಟಲು ದಿನ ಹಿಡಿಯುತ್ತದೆ, ಹುಟ್ಟಿದ ಮೇಲೆ ವರ್ಷಗಟ್ಟಲೆ ಉಳಿಯುತ್ತದೆ. ಹಿತ್ತಲಲ್ಲಿ ಎಂಜಲೆಲೆ ಬಿದ್ದಿದ್ದರೆ ಯಾರೋ ನೆಂಟರು ಬಂದಿದ್ದರು ಅನ್ನಬಹುದು. ಎಂದು ಬಂದಿದ್ದರು, ಅಣ್ಣನೋ ತಮ್ಮನೋ, ಎಲೆ ನೋಡಿ ಹೇಳಲಾಗುವುದಿಲ್ಲ. ಅದಕ್ಕೇ ಜ್ವರದ ಮೊದಲ ದಿನಗಳಲ್ಲಿ ಒಂದು ರಕ್ತ, ಎರಡು ಮೂರು ವಾರ ಬಿಟ್ಟು ಇನ್ನೊಂದು ರಕ್ತ ತೆಗೆಯಬೇಕು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಪರೀಕ್ಷಿಸಿದಾಗ, ಎರಡನೆಯದರಲ್ಲಿ ಪ್ರತಿಕಾಯದ ಮಟ್ಟ ಹಲವು ಪಟ್ಟು ಏರಿದ್ದರೆ ಮಾತ್ರ ಈ ಜ್ವರ ಆ ಜಾತಿಯ ವೈರಸ್ಸಿನದು ಅನ್ನಬಹುದು. ಆಗಲೂ ಅದರ ಅಣ್ಣತಮ್ಮಂದಿರ ಮೇಲೆ, ಅಂದರೆ ಅದೇ ಕುಲದ ಬೇರೆ ವೈರಸ್ಸುಗಳ ಮೇಲೆ, ಒಂದು ಕಣ್ಣಿಟ್ಟಿರಬೇಕು.

ಹೇಳುವುದು ಸುಲಭ. ಜ್ವರ ಬಿಟ್ಟು ಗದ್ದೆಗೆ ಹೋಗುತ್ತಿರುವವನನ್ನು ಹಿಡಿದು, ಮತ್ತೆ ಸೂಜಿ ಚುಚ್ಚಿಸಿಕೋ ಅಂದರೆ ಕೇಳುತ್ತಾನೆಯೆ? ಮಂಡಿಕಲ್ಲಿನ ಒಬ್ಬ ಮೇಷ್ಟರದ್ದು ನೆನಪಾಗುತ್ತದೆ. ಜ್ವರ ಬಂದ ಎರಡನೇ ದಿನವೇ ಅವರ ರಕ್ತ ತೆಗೆದಿದ್ದೆ. ಪ್ರತಿಕಾಯ ಇಲ್ಲ ಅಂತ ವರದಿ ಬಂತು. ನಾನು ದೊಡ್ಡದಾಗಿ, "ನಿಮಗೆ ಏನೂ ಇಲ್ಲ ಮೇಷ್ಟ್ರೇ" ಎಂದು ಕಾಗದ ಬರೆದೆ. ಅವರು ಕೋಲೂರಿಕೊಂಡು, ಬಸ್ಸಿನಲ್ಲಿ ಚಿಂತಾಮಣಿಯವರೆಗೂ ಬಂದು ಬೈದರು. "ಏನೂ ಇಲ್ವೇನ್ರೀ? ಮಂಡಿ ಮಡಿಸಕ್ಕಾಗಲ್ಲ, ಸೀಮೆಸುಣ್ಣ ಹಿಡಿಯಕ್ಕಾಗಲ್ಲ! ನಿಮ್ಮ ಮಷಿನ್ನಿಗೆ ಬುದ್ಧಿ ಇಲ್ವೋ ನಿಮಗೋ?" ನಮ್ಮಲ್ಲಿ ಮಷಿನ್ನು ಇರಲಿಲ್ಲ. ಅವರು ಬೈಯುತ್ತಿರುವಾಗಲೇ ತೋಳಿಗೆ ಪಟ್ಟಿ ಕಟ್ಟಿ ಎರಡನೇ ರಕ್ತ ತೆಗೆದುಬಿಟ್ಟೆ. ಅದರಲ್ಲಿ ಕೀಲುನೋವಿನ ಜ್ವರದ ಪ್ರತಿಕಾಯ ತುಂಬಿತ್ತು. ಎರಡನೇ ದಿನಕ್ಕೆ ಅದು ಹುಟ್ಟಿರಲಿಲ್ಲ, ಅಷ್ಟೇ. ಇಲ್ಲ ಅಂತ ಬಂದ ವರದಿಯನ್ನು ನಂಬಬಾರದೆಂದು ಮೇಷ್ಟರಿಂದ ಕಲಿತೆ. ಇದೆ ಅಂತ ಬಂದ ವರದಿಯ ಪಾಠವನ್ನು ಒಂದು ಮಗುವಿನಿಂದ ಕಲಿಯುವುದು ಬಾಕಿ ಇತ್ತು.

ಅದು ಅರವತ್ತರ ದಶಕದ ನಡುಭಾಗ. ಕೆಂಚಾರ್ಲಹಳ್ಳಿಯಿಂದ ಆಚೆಗೆ ಒಂದು ಸಣ್ಣ ಹಳ್ಳಿ, ಹೆಸರು ಬೇಡ. ಅಲ್ಲಿಂದ ನಾಗರತ್ನ ಎಂಬ ಒಂಬತ್ತು ವರ್ಷದ ಹುಡುಗಿಯನ್ನು ಮೈ ಸುಡುವ ಜ್ವರ, ಫಿಟ್ಸು, ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ಆಸ್ಪತ್ರೆಗೆ ತಂದರು. ಮಿದುಳು ಜ್ವರ. ಪಕ್ಕದ ಹಳ್ಳಿಯಲ್ಲಿ ಅದೇ ತರಹದ ಜ್ವರದಿಂದ ಒಂದು ಮಗು ಆಗಲೇ ತೀರಿಕೊಂಡಿತ್ತು. ನಾನು ನಾಗರತ್ನಳ ಮೊದಲ ರಕ್ತ ತೆಗೆದು ಕಳಿಸಿದೆ. ನಾಲ್ಕನೇ ದಿನ ಕಣ್ಣು ಬಿಟ್ಟಳು, ವಾರದ ಮೇಲೆ ಮನೆಗೆ ಹೋದಳು. ಕೈ ಇನ್ನೂ ನಡುಗುತ್ತಿತ್ತು, ಮಾತು ತೊದಲುತ್ತಿತ್ತು, ಆದರೆ ಅಮ್ಮನನ್ನು ಗುರುತು ಹಿಡಿದಿದ್ದಳು.

ಜ್ವರ ಬಂದ ಹದಿನೈದನೇ ದಿನ ಎರಡನೇ ರಕ್ತಕ್ಕೆಂದು ಅವರ ಮನೆಗೆ ಹೋದೆ. ತಾಯಿ ಲಕ್ಷ್ಮೀದೇವಮ್ಮ ಬಾಗಿಲಿಗೆ ಅಡ್ಡ ನಿಂತರು. ಮನೆಯೊಳಗೆಲ್ಲ ರೇಷ್ಮೆ ಹುಳುವಿನ ತಟ್ಟೆಗಳು. ಹುಳುಗಳು ಕೊನೆಯ ಮೇವಿನಲ್ಲಿದ್ದವು. ಒಳಗಿಂದ ಅವು ಸೊಪ್ಪು ಮೇಯುವ ಸಪ್ಪಳ ಬಾಗಿಲಿಗೇ ಕೇಳುತ್ತಿತ್ತು. ಆ ವಾರ ರೇಷ್ಮೆ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ, ವಾಸನೆಯ ವಸ್ತುವನ್ನಂತೂ ಬಿಡುವುದೇ ಇಲ್ಲ. ನಾನೋ ಮೈತುಂಬ ಸ್ಪಿರಿಟ್ಟು ನಾರುತ್ತಿದ್ದೆ.

"ಅಲ್ಲೇ ನಿಂತ್ಕೊಳ್ಳಪ್ಪ. ಆ ವಾಸ್ನೆ ತಗುಲಿದ್ರೆ ಹುಳ ಮೇವು ಬಿಡ್ತವೆ. ಮಗು ಜೀವ ಉಳೀತು, ಈಗ ಹುಳ ಸಾಯ್ಸಕ್ಕೆ ಬಂದ್ಯಾ?"

"ಮಗೂನ ಹೊರಗೆ ಕರ್ಕೊಂಡ್ ಬನ್ನಿ ಅಮ್ಮ, ಒಂದೇ ನಿಮಿಷ."

"ನಿನ್ನ ಮುಟ್ಟಿಸ್ಕೊಂಡು ತಿರುಗಾ ಒಳಗೇ ಬರ್ಬೇಕಲ್ಲ ಅದು? ಹೋಗ್ ಬಾ."

ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಹಾಯೆನಿಸಿತು. ಬಿಸಿಲು ಜೋರಾಗಿತ್ತು. ಮಗುವಂತೂ ಚೇತರಿಸಿಕೊಳ್ಳುತ್ತಿತ್ತು. ಕಾರ್ಡಿನಲ್ಲಿ "ಎರಡನೇ ರಕ್ತ" ಎಂಬ ಜಾಗದಲ್ಲಿ "ಮನೆಯವರು ಒಪ್ಪಲಿಲ್ಲ" ಅಂತ ಗೀಚಿ ಹಿಂದಿರುಗಿದೆ. ನನ್ನ ವೃತ್ತಿಯಲ್ಲಿ ನಾನು ಬರೆದ ಅತಿ ಕೆಟ್ಟ ಮಾತು ಅದು.

ಎರಡು ದಿನದಲ್ಲಿ ಮೊದಲ ರಕ್ತದ ವರದಿ ಬಂತು. ಅದರಲ್ಲಿ ಇದ್ದದ್ದು ಎರಡು ಸಾಲು. ಸೊಳ್ಳೆಯಿಂದ ಹರಡುವ ಒಂದು ಮಿದುಳು ಜ್ವರದ ವೈರಸ್ಸಿಗೆ ಪ್ರತಿಕಾಯ ಇದೆ ಎಂಬುದು ಮೊದಲ ಸಾಲು. ಎರಡನೇ ಸೀರಂ ನೋಡದೆ ಅಭಿಪ್ರಾಯ ಹೇಳಲಾಗದು ಎಂಬುದು ಎರಡನೆಯದು. ನರಸಿಂಹಯ್ಯನವರು ಮೊದಲ ಸಾಲು ಓದಿದರು. ಕಾರ್ಡಿನಲ್ಲಿ ನನ್ನ ಗೀಚನ್ನೂ ಓದಿದರು. ಎರಡನೇ ಸೀರಂ ಬರುವುದೇ ಇಲ್ಲ ಅಂದಮೇಲೆ ಎರಡನೇ ಸಾಲಿಗೆ ಬೆಲೆ ಏನು? ಆ ವೈರಸ್ಸು ಹಂದಿಗಳ ಮೈಯಲ್ಲಿ ಹೆಚ್ಚಿ, ಸೊಳ್ಳೆಯ ಮೂಲಕ ಮಕ್ಕಳಿಗೆ ಬರುತ್ತದೆಂದು ಅವರು ಓದಿದ್ದರು. ಓದಿದ್ದು ಸರಿಯಾಗಿಯೇ ಇತ್ತು. ಊರಿನವರು ದಿನಾ ಬಂದು, ಏನಾದರೂ ಮಾಡಿ ಸ್ವಾಮಿ ಎಂದು ಗೋಗರೆಯುತ್ತಿದ್ದರು. ಹಳ್ಳಿಯ ಅಂಚಿನ ಕೇರಿಯಲ್ಲಿ ಹಂದಿ ಸಾಕುವ ಆರು ಮನೆಗಳಿದ್ದವು. ಆ ಹಂದಿಗಳನ್ನೆಲ್ಲ ಹಿಡಿದು ಕೊಲ್ಲಬೇಕೆಂದು ನರಸಿಂಹಯ್ಯನವರು ಮೇಲಿನವರಿಗೆ ಬರೆದರು, ಒಪ್ಪಿಗೆಯೂ ಬಂತು.

ಆ ಸುದ್ದಿಯನ್ನು ಕೇರಿಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಿತ್ತು. ಹೋದಾಗ ಮುನಿವೆಂಕಟಮ್ಮ ಎಂಬ ಹೆಂಗಸು ಹಂದಿಗಳಿಗೆ ಕಲಗಚ್ಚು ಸುರಿಯುತ್ತಿದ್ದಳು. ಗಂಡ ಇಲ್ಲ, ಒಬ್ಬಳೇ ಮಗಳು ಸರೋಜ, ಚಿಂತಾಮಣಿಯ ಹಾಸ್ಟೆಲಿನಲ್ಲಿದ್ದುಕೊಂಡು ಹೈಸ್ಕೂಲು ಓದುತ್ತಿದ್ದಳು. ನಾನು ಹೇಳಿದ್ದನ್ನು ಮುನಿವೆಂಕಟಮ್ಮ ಕೊನೆಯವರೆಗೂ ಕೇಳಿದಳು. ಕೂಗಲಿಲ್ಲ, ಅಳಲಿಲ್ಲ. ಅದೇ ನನಗೆ ಕಷ್ಟವಾದದ್ದು.

"ಏಮಯ್ಯಾ, ಆ ಮಗೀನ ರಕ್ತದಾಗೆ ನನ್ನ ಹಂದಿ ಕಾಣಿಸ್ತಾ ನಿಂಗೆ?"

"ಹಂದಿ ಅಲ್ಲಮ್ಮ, ಆ ಜ್ವರದ ಗುರುತು ಕಾಣಿಸ್ತು."

"ನಾವು ಹುಟ್ಟಿದಾಗ್ಲಿಂದ ಹಂದಿ ಜೊತೇಲೇ ಮಲಗಿ ಎದ್ದಿರೋರು. ನಮ್ಮ ಕೇರೀಲಿ ಒಂದು ಮಗೀಗೂ ಆ ಜ್ವರ ಬಂದಿಲ್ಲ. ನಮ್ಮ ರಕ್ತ ನೋಡಿದ್ಯಾ ನೀನು?"

ನೋಡಿರಲಿಲ್ಲ. ಹಾಗೆ ನೋಡಬೇಕೆಂದು ತೋಚಿರಲೂ ಇಲ್ಲ.

"ಹಂದಿ ಹೋದ್ರೆ ಹೋಗ್ಲಿ ಅನ್ನಕ್ಕೆ ನಂಗೂ ಬತ್ತದೆ ಕಣಪ್ಪ. ಆದ್ರೆ ಮಾರ್ನೇ ದಿನ ಸರೋಜ ಪುಸ್ತಕ ಬಿಟ್ಟು ಸೊಪ್ಪು ಕೀಳಕ್ಕೆ ಬತ್ತಾಳೆ. ಅದನ್ನೂ ನೀನೇ ಹೋಗಿ ಅವಳಿಗೆ ಹೇಳ್ತೀಯಾ?"

ಜೀಪಿನಲ್ಲಿ ಬಂದು ಕೂತೆ. ರಹಮತ್ ಸಾಬ್ ಗಾಡಿ ಹೊರಡಿಸಲಿಲ್ಲ. "ಆ ಮಗು ಮನೇಗೆ ಎಷ್ಟು ಸಲ ಹೋಗಿದ್ದೆ ಸಾಮಿ ನೀನು?" ಎಂದು ಕೇಳಿದರು. ಒಂದು ಸಲ ಅಂದೆ. "ಸಂತೇಲಿ ಬದನೇಕಾಯಿ ಕೊಳ್ಳಕ್ಕೇ ಮೂರು ಸಲ ಸುತ್ತು ಹಾಕ್ತೀಯಲ್ಲಪ್ಪಾ!" ಅಂದರು.

ಅಂದೇ ಚಿಕ್ಕಬಳ್ಳಾಪುರದ ಕಚೇರಿಗೆ ಹೋಗಿ ನರಸಿಂಹಯ್ಯನವರ ಮುಂದೆ ನಿಂತು, ತಪ್ಪು ನನ್ನದೆಂದು ಹೇಳಿದೆ. ಎರಡನೇ ರಕ್ತ ತರುತ್ತೇನೆ, ಜೊತೆಗೆ ಆರೋಗ್ಯವಾಗಿರುವವರ ರಕ್ತವನ್ನೂ ಕಳಿಸೋಣ, ಅಲ್ಲಿಯವರೆಗೆ ಹಂದಿಗಳನ್ನು ಬಿಡಿ ಎಂದು ಬೇಡಿಕೊಂಡೆ. ಅವರು ಮುಖ ಗಂಟಿಕ್ಕಿದರು. "ಅಷ್ಟರಲ್ಲಿ ಇನ್ನೊಂದು ಮಗು ಹೋದ್ರೆ? ಯಾರು ಜವಾಬ್ದಾರಿ, ನೀನಾ?" ಅವರಿಗೆ ಇದ್ದದ್ದು ಹಂದಿಯ ಮೇಲಿನ ಕೋಪವಲ್ಲ, ಮಕ್ಕಳ ಭಯ. ಕೊನೆಗೆ ಎರಡು ವಾರ ಕೊಟ್ಟರು. ಅಷ್ಟೂ ದಿನ ಆ ಹಳ್ಳಿಯಲ್ಲಿ ಸೊಳ್ಳೆಗೆ ಔಷಧಿ ಹೊಡೆಸುವುದು, ಹಂದಿಗಳನ್ನು ಕೆರೆಯ ಆಚೆ ಬದಿಗೆ ಕಟ್ಟಿಸುವುದು ಎಂದಾಯಿತು. ಏಳುವಾಗ ತೋಳಿನ ಗುಂಡಿ ಬಿಚ್ಚುತ್ತ, "ಆರೋಗ್ಯವಾಗಿರೋರು ಬೇಕು ಅಂದ್ಯಲ್ಲ, ನನ್ನಿಂದಲೇ ಶುರು ಮಾಡು" ಅಂದರು. ಅಂಥ ಮನುಷ್ಯ ಅವರು. ನಾನು, ರಹಮತ್ ಸಾಬ್ ಕೂಡ ಕೊಟ್ಟೆವು.

ಮುನಿವೆಂಕಟಮ್ಮನ ಕೇರಿಯಲ್ಲಿ ಒಂಬತ್ತು ಜನ ಕೊಟ್ಟರು, ಅವಳೇ ಮೊದಲು. ಲಕ್ಷ್ಮೀದೇವಮ್ಮನ ಮನೆಯ ವಿಷಯ ಹೇಳಿದಾಗ ನಕ್ಕಳು. ಅವಳು ಅವರ ತೋಟದಲ್ಲೇ ಹಿಪ್ಪುನೇರಳೆ ಸೊಪ್ಪು ಕೀಳುವವಳು. ಅಂಗಳದ ಗಡಿ ದಾಟಿ ಅವಳನ್ನು ಬಿಡುತ್ತಿರಲಿಲ್ಲ. ಅವಳು ಕಿತ್ತ ಸೊಪ್ಪು ಮಾತ್ರ ನೇರ ಒಳಗೆ ಹೋಗುತ್ತಿತ್ತು. "ಸ್ಪಿರಿಟ್ಟು ಇಲ್ದೆ ಸೂಜಿ ಹಾಕಕ್ಕಾಗಲ್ವಾ?" ಎಂದು ಕೇಳಿದಳು. ಯೋಚಿಸಿದೆ. ಸೂಜಿ, ಸಿರಿಂಜು ಹೇಗೂ ಕುದಿಸಿದವು. ತೋಳನ್ನು ಸೋಪು, ಕುದಿಸಿ ಆರಿಸಿದ ನೀರಿನಲ್ಲಿ ಚೆನ್ನಾಗಿ ತೊಳೆಯಬಹುದಿತ್ತು. ಇಷ್ಟು ಸಣ್ಣ ವಿಷಯ ನನಗೆ ಮೊದಲೇ ಹೊಳೆಯಬೇಕಿತ್ತು.

ಮಾರನೇ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಹೊಸದಾಗಿ ಒಗೆದ ಪಂಚೆ ಉಟ್ಟು, ಬೀಡಿ ಸೇದುವ ರಹಮತ್ ಸಾಬರನ್ನು ದೂರದ ಹುಣಸೆಮರದ ಕೆಳಗೆ ಬಿಟ್ಟು, ಮುನಿವೆಂಕಟಮ್ಮನ ಹಿಂದೆ ನಡೆದೆ. ಅವಳು ತೋಟದ ಅಂಚಿನಲ್ಲಿ ಸೊಪ್ಪಿನ ಹೊರೆ ಇಳಿಸಿ, ಅಲ್ಲಿಂದಲೇ ಕೂಗಿದಳು.

"ಅಕ್ಕಾ, ಮೂಸಿ ನೋಡೇ ಇವ್ನನ್ನ! ಸೀಗೇಕಾಯಿ ವಾಸ್ನೆ ಬಿಟ್ರೆ ಇನ್ನೇನೂ ಇಲ್ಲ."

ಲಕ್ಷ್ಮೀದೇವಮ್ಮ ಹೊರಗೆ ಬಂದು ನಿಜವಾಗಿಯೂ ಮೂಸಿದರು. "ಯಾಕಪ್ಪ ಎರಡು ಸಲ? ಒಂದು ಸಲ ತಗೊಂಡಿದ್ದು ಸಾಲ್ದಾ?"

ಎಂಜಲೆಲೆಯ ಮಾತನ್ನು ಅವರಿಗೂ ಹೇಳಿದೆ. ಆಮೇಲೆ, "ನಾನು ಆವತ್ತು ಸರಿಯಾಗಿ ಕೇಳಿಕೊಳ್ಳದೆ ಹೋದೆ ಅಮ್ಮ. ಅದರಿಂದ ಈ ಅಮ್ಮನ ಮನೆ ಹಾಳಾಗೋ ಹಾಗಿದೆ" ಅಂದೆ. ಲಕ್ಷ್ಮೀದೇವಮ್ಮ ತೋಟದ ಅಂಚಿನಲ್ಲಿ ನಿಂತಿದ್ದ ಮುನಿವೆಂಕಟಮ್ಮನನ್ನು ನೋಡಿದರು. "ಹಂದಿ ಕೊಲ್ಲಿ ಅಂತ ನಾನು ಹೇಳ್ಲಿಲ್ಲ ಕಣೇ" ಅಂದರು. "ಗೊತ್ತಕ್ಕಾ" ಅಂದಳು ಇವಳು. ಸೊಪ್ಪಿನ ಚಪ್ಪರದ ಕೆಳಗೆ, ಅಮ್ಮನ ಮಡಿಲಲ್ಲಿ ಕೂತು ನಾಗರತ್ನ ತೋಳು ಚಾಚಿದಳು. ಕೈ ನಡುಗುವುದು ನಿಂತಿತ್ತು. ಸೂಜಿ ಚುಚ್ಚಿದಾಗ ಅಳಲಿಲ್ಲ. ನನ್ನ ಪಂಚೆಗೆ ಅಂಟಿದ್ದ ಒಂದು ಸೊಪ್ಪಿನ ಎಲೆಯನ್ನು ಕಿತ್ತು, "ಹುಳಕ್ಕೆ" ಎಂದು ಸ್ಪಷ್ಟವಾಗಿ ಹೇಳಿ ಎತ್ತಿಟ್ಟುಕೊಂಡಳು.

ಆ ಥರ್ಮಾಸನ್ನು ನಾನು ಗಾರ್ಡಿನ ಕೈಗೆ ಕೊಡಲಿಲ್ಲ. ನಾನೇ ಪುಟ್ಟ ರೈಲು ಹತ್ತಿ, ಮಡಿಲಲ್ಲಿಟ್ಟುಕೊಂಡು ಬೆಂಗಳೂರಿನವರೆಗೆ ಒಯ್ದೆ. ಕಾದ ದಿನಗಳ ಬಗ್ಗೆ ಏನು ಬರೆಯಲಿ? ಹದಿಮೂರನೇ ದಿನ ವರದಿ ಬಂತು.

ನಾಗರತ್ನಳ ಎರಡು ರಕ್ತಗಳಲ್ಲೂ ಪ್ರತಿಕಾಯದ ಮಟ್ಟ ಒಂದೇ. ಕೂದಲೆಳೆಯಷ್ಟೂ ಏರಿರಲಿಲ್ಲ. ಅಂದರೆ ಆ ವೈರಸ್ಸೋ ಅದರ ಅಣ್ಣತಮ್ಮಂದಿರಲ್ಲಿ ಯಾವುದೋ ಒಂದು ಎಂದೋ ಬಂದು, ಅವಳಿಗೆ ತಿಳಿಯದಂತೆಯೇ ಹೋಗಿತ್ತು. ಈ ಸಲದ ಜ್ವರ ಅದರದ್ದಲ್ಲ. ಆರೋಗ್ಯವಾಗಿದ್ದ ಹನ್ನೆರಡು ಜನರಲ್ಲಿ ಮುಕ್ಕಾಲು ಪಾಲು ಜನಕ್ಕೂ ಅದೇ ಪ್ರತಿಕಾಯ ಇತ್ತು. ಎಲ್ಲರಿಗಿಂತ ಹೆಚ್ಚಿನ ಮಟ್ಟ ಒಂದನೇ ನಂಬರಿನ ಸೀಸೆಯಲ್ಲಿತ್ತು. ಒಂದನೇ ನಂಬರು ಯಾರದೆಂದು ನರಸಿಂಹಯ್ಯನವರು ಕೇಳಿದರು. ನಾನು ಪುಸ್ತಕ ತೆರೆದು ತೋರಿಸಿದೆ. ಅವರ ಹೆಸರೇ ಇತ್ತು.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಡಿ, ನಾನೇ ಬಂದು ಹೇಳ್ತೀನಿ" ಅಂದರು.

ಕೇರಿಯಲ್ಲಿ ಎಲ್ಲರೂ ಸೇರಿದ್ದರು. ಆದೇಶ ಹಿಂದಕ್ಕೆ ಪಡೆದಿದ್ದೇನೆ ಎಂದು ಅವರೇ ಹೇಳಿದರು, ತಮ್ಮ ಸೀಸೆಯ ವಿಷಯವನ್ನೂ ಮುಚ್ಚಿಡಲಿಲ್ಲ. ಮುನಿವೆಂಕಟಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು, "ಅಬ್ಬೋ! ಹಂಗಾದ್ರೆ ಮೊದ್ಲು ನಿಮ್ಮನ್ನೇ ಹಿಡ್ಕೊಂಡ್ ಹೋಗ್ಬೇಕಿತ್ತಲ್ಲ ಸ್ವಾಮಿ!" ಅಂದಳು. ಎಲ್ಲರಿಗಿಂತ ಜೋರಾಗಿ ನಕ್ಕವರು ನರಸಿಂಹಯ್ಯನವರೇ. ಆ ತಿಂಗಳಿಂದ ನಮ್ಮ ಪ್ರತಿ ಕಾರ್ಡಿನ ಮೇಲೂ ಅವರು ಮಾಡಿಸಿದ ಒಂದು ಕೆಂಪು ಮೊಹರು ಬಿತ್ತು: ಎರಡನೇ ರಕ್ತ ಬರುವವರೆಗೆ ತೀರ್ಮಾನವಿಲ್ಲ.

ನಗು ನಿಂತ ಮೇಲೆ ಅವಳು ನನ್ನನ್ನು ಕೇಳಿದಳು. "ಹಂಗಾದ್ರೆ ನನ್ನ ಹಂದಿಯಿಂದ ಯಾವತ್ತೂ ಆ ಜ್ವರ ಬರಲ್ಲ, ಅಲ್ವಾ?"

ಹೌದು ಅಂದುಬಿಡಲು ನಾಲಿಗೆ ಹಾತೊರೆಯಿತು. "ಹಾಗೆ ಹೇಳಕ್ಕಾಗಲ್ಲಮ್ಮ. ಈ ಮಗೂಗೆ ಬಂದದ್ದು ಅದಲ್ಲ ಅಂತ ಮಾತ್ರ ಗೊತ್ತಾಯ್ತು. ಬಂದದ್ದು ಏನು ಅಂತ ನನಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ" ಅಂದೆ. ಇವತ್ತಿಗೂ ಗೊತ್ತಿಲ್ಲ. ಅವಳು ನನ್ನ ಮುಖವನ್ನೇ ನೋಡಿದಳು. "ಗೊತ್ತಿಲ್ಲ ಅಂತ ಹೇಳಕ್ಕೂ ನಿಂಗೆ ಬತ್ತದಲ್ಲ, ಸರೇ ಬಿಡು" ಅಂದಳು. ಹಂದಿಗೂಡುಗಳನ್ನು ಆಮೇಲೂ ಕೆರೆಯ ಆಚೆಯೇ ಉಳಿಸಿಕೊಂಡಳು, ಯಾರೂ ಹೇಳದಿದ್ದರೂ.

ಆಮೇಲೆ ವಿಧಾನಗಳು ಬದಲಾದವು. ಶಿಡ್ಲಘಟ್ಟದಲ್ಲಿ ನೂಲು ತೆಗೆಯುವವರ ರಕ್ತವನ್ನು ಹೀರುಕಾಗದದ ತುಂಡುಗಳಲ್ಲಿ ಒಣಗಿಸಿ ಅಂಚೆಯಲ್ಲೇ ಕಳಿಸುವಂತಾಯಿತು. ಐಸಿಗಾಗಿ ಸ್ಟೇಷನ್ನಿನಲ್ಲಿ ಕಾಯುವುದು ತಪ್ಪಿತು. ನೀವು ಇನ್ನೂ ಒಳ್ಳೆಯ ಪರೀಕ್ಷೆಗಳನ್ನು ಮಾಡುತ್ತೀರಿ, ವೈರಸ್ಸನ್ನೇ ನೇರವಾಗಿ ಹಿಡಿಯುತ್ತೀರಿ. ನನಗೆ ಅದರಲ್ಲಿ ನಂಬಿಕೆಯಿದೆ, ಸಂತೋಷವೂ ಇದೆ.

ಆದರೆ ಆ ವರ್ಷದ ಒಂದು ದಿನದ ಮಾತು ಹೇಳದೆ ಮುಗಿಸಲಾರೆ. ಹಂದಿಗಳ ಗಲಾಟೆ ಮುಗಿದು ತಿಂಗಳಾಗಿತ್ತು. ಸಂತೆಯ ದಿನ ಮಧ್ಯಾಹ್ನ ಮುನಿವೆಂಕಟಮ್ಮ ನಮ್ಮ ಲ್ಯಾಬಿನ ಬಾಗಿಲಿಗೆ ಬಂದಳು. ಜೊತೆಗೆ ಹಾಸ್ಟೆಲಿನಿಂದ ಸರೋಜ, ಎದೆಗೆ ಪುಸ್ತಕ ಅವಚಿಕೊಂಡಿದ್ದಳು. ಏನಮ್ಮ, ಜ್ವರ ಬಂತಾ ಎಂದು ಗಾಬರಿಯಿಂದ ಕೇಳಿದೆ.

"ನಂಗ್ಯಾಕೆ ಜ್ವರ ಬತ್ತದೆ?" ಎಂದು ಸ್ಟೂಲಿನ ಮೇಲೆ ಕೂತು, ರವಿಕೆಯ ತೋಳು ಮೇಲೆ ಸರಿಸಿ, ಮೊಣಕೈ ಮೇಜಿಗೆ ಊರಿದಳು. "ನಂದು ಒಂದೇ ಸಲ ತಗೊಂಡಿದ್ದೀಯ. ತಗೋ ಎರಡನೇದು. ನಾಳೆ ಇನ್ಯಾರಾದ್ರೂ ಬಂದು ಒಂದೇ ನೋಡಿ ತೀರ್ಮಾನ ಮಾಡ್ಬಾರ್ದು."

ಕಾಯಿಲೆ ಇಲ್ಲದವರಿಗೆ ಎರಡನೇ ರಕ್ತ ಬೇಡ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಮೂವತ್ತು ವರ್ಷ ಊರೂರು ಸುತ್ತಿ, ಬೇಡಿ, ಬೈಸಿಕೊಂಡು, ನೂರಾರು ಬಾಗಿಲುಗಳಲ್ಲಿ ನಾನು ಕೇಳಿದ್ದು ಅದೊಂದನ್ನೇ. ಕೇಳದೆ ಕೊಟ್ಟವಳು ಅವಳೊಬ್ಬಳೇ. ತೋಳಿಗೆ ಪಟ್ಟಿ ಕಟ್ಟಿದೆ. ಸರೋಜ ಪುಸ್ತಕವನ್ನು ಮೇಜಿನ ಮೇಲಿಟ್ಟು, ಕಾರ್ಡು ಎಳೆದುಕೊಂಡು, ನಾನು ಹೇಳುವ ಮೊದಲೇ ಆ ಖಾಲಿ ಜಾಗದಲ್ಲಿ ದುಂಡಗೆ ಬರೆದಳು: ಎರಡನೇ ರಕ್ತ, ತೆಗೆದಿದೆ.